ಐದು ಕವಡೆ, ಐದು ನೆನಪು: ಒಡನಾಡಿ ನಿಯಮ ಕಟ್ಟಿದ ದಿನಚರಿ

ಆ ಭಾನುವಾರ ಒಂದೇ ಗೂಬೆ ನಾಲ್ಕು ಸಲ ಸತ್ತಿತು.

ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ನನ್ನ ಬಾಡಿಗೆ ಕೋಣೆಯಲ್ಲಿ ನಾವು ಐವರು ವಾರಕ್ಕೊಮ್ಮೆ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಪಾತ್ರ ವಹಿಸಿ, ದಾಳ ಉರುಳಿಸಿ, ಮಾತಿನಲ್ಲೇ ಕಥೆ ಕಟ್ಟುವ ಆಟ ಅದು. ಅಕ್ಕನ ಮಗಳದು ಮಾಂತ್ರಿಕಳ ಪಾತ್ರ. ಬಾಗಿಲಿನ ಆಚೆ ಏನಿದೆ ಎಂದು ನೋಡಲು ಗೂಬೆಯನ್ನು ಕಳಿಸುತ್ತಿದ್ದಳು. ಅದು ಸಾಯುತ್ತಿತ್ತು. ಹತ್ತು ಚಿನ್ನದ ನಾಣ್ಯದ ಇದ್ದಿಲು, ಧೂಪ ಸುಟ್ಟು ಮತ್ತೆ ಕರೆಸುತ್ತಿದ್ದಳು. ನಾಲ್ಕನೆಯ ಸಾವಿನ ಹೊತ್ತಿಗೆ ಅವಳ ಗಮನವೆಲ್ಲ ಗಿರ್ಮಿಟ್ ತಟ್ಟೆಯ ಮೇಲಿತ್ತು. ತಲೆ ಎತ್ತದೆಯೇ, "ಒಟ್ಟು ನಲವತ್ತು ನಾಣ್ಯ, ಬರೆದುಕೊಳ್ಳಿ" ಎಂದಳು.

ತಪ್ಪು ಅವಳದಲ್ಲ, ನಿಯಮದ್ದು. ಅದನ್ನು ಬಿಚ್ಚಿ ನೋಡಿ ರಿಪೇರಿ ಮಾಡಬೇಕೆಂದು ಅಂದೇ ನೋಟ್‌ಬುಕ್ ತೆರೆದೆ. ಜೂನ್‌ನಲ್ಲಿ ಶುರುವಾದ ಕೆಲಸ ಫೆಬ್ರವರಿಗೆ ಒಂದು ಹದಕ್ಕೆ ಬಂದಿದೆ.

ಮೊದಲು ಆ ಗೂಬೆಯಂಥ ಪ್ರಾಣಿಯ ಹೆಸರಿನ ವಿಷಯ. ಇಂಗ್ಲಿಷಿನಲ್ಲಿ ಫೆಮಿಲಿಯರ್ ಎಂದರೆ ಮಾಂತ್ರಿಕನ ಜತೆಗಿರುವ ಮಾಯೆಯ ಪ್ರಾಣಿ. ಗುಂಪಿನಲ್ಲಿ ಒಬ್ಬರು 'ವಾಹನ' ಎಂದರು. ಆದರೆ ಕಪ್ಪೆಯ ಮೇಲೆ ಯಾರೂ ಸವಾರಿ ಮಾಡುವುದಿಲ್ಲ. 'ದೂತ' ಎಂದರೆ ಅರ್ಧ ಕೆಲಸಕ್ಕೆ ಮಾತ್ರ ಹೊಂದುತ್ತದೆ. ಕೊನೆಗೆ 'ಒಡನಾಡಿ' ಉಳಿಯಿತು. ಆಟ ನಡೆಸುವ ಡಂಜನ್ ಮಾಸ್ಟರ್‌ಗೆ ನಾವು ಮೊದಲಿನಿಂದಲೂ 'ಸಾರಥಿ' ಎನ್ನುತ್ತೇವೆ. ದೊಡ್ಡಾಟದಲ್ಲಿ ರಂಗಕ್ಕೆ ಬಂದ ವೇಷವನ್ನು ಮಾತನಾಡಿಸಿ ನೀವು ಯಾರು, ಎಲ್ಲಿಂದ ಬಂದಿರಿ ಎಂದು ಕೇಳುವವನು ಸಾರಥಿಯೇ. ನಮ್ಮಲ್ಲಿ ಆ ಕೆಲಸ ನನ್ನದು.

ರೋಗ ಎಲ್ಲಿದೆ

2014ರಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ ಒಡನಾಡಿಯನ್ನು ಪಡೆಯುವುದು ಮೊದಲ ಹಂತದ ಮಂತ್ರ. ಹಿತ್ತಾಳೆಯ ಅಗ್ಗಿಷ್ಟಿಕೆಯಲ್ಲಿ ಹತ್ತು ಚಿನ್ನದ ನಾಣ್ಯ ಬೆಲೆಯ ಇದ್ದಿಲು, ಧೂಪ, ಗಿಡಮೂಲಿಕೆ ಸುಡಬೇಕು. ಒಂದು ಗಂಟೆ ಹಿಡಿಯುತ್ತದೆ, ವಿಧಿಯ ರೂಪದಲ್ಲಿ ಮಾಡಿದರೆ ಇನ್ನೂ ಹತ್ತು ನಿಮಿಷ. (ನನ್ನ ಅಜ್ಜಿ ಪ್ರತಿ ಅಮಾವಾಸ್ಯೆಯ ಸಂಜೆ ಕೆಂಡದ ಮೇಲೆ ಲೋಬಾನ ಉದುರಿಸಿ ಮನೆಯೆಲ್ಲ ಸುತ್ತುತ್ತಿದ್ದಳು. ನಮಗೆ ಬಂದದ್ದು ಕೆಮ್ಮು ಮಾತ್ರ.) ಬಾವಲಿ, ಬೆಕ್ಕು, ಏಡಿ, ಕಪ್ಪೆ, ಗಿಡುಗ, ಗೂಬೆ, ಹಾವು, ಇಲಿ, ಜೇಡ ಹೀಗೆ ಒಂದು ಪಟ್ಟಿಯಿಂದ ಬೇಕಾದ ರೂಪವನ್ನು ಆರಿಸಿಕೊಳ್ಳಬಹುದು. ಬರುವುದು ನಿಜವಾದ ಪ್ರಾಣಿಯಲ್ಲ, ಆ ರೂಪ ತೊಟ್ಟ ಚೇತನ. ಅದು ದಾಳಿ ಮಾಡುವಂತಿಲ್ಲ. ನೂರು ಅಡಿಯೊಳಗಿದ್ದರೆ ಅದರೊಂದಿಗೆ ಮನಸ್ಸಿನಲ್ಲೇ ಮಾತನಾಡಬಹುದು. ಅದರ ಕಣ್ಣಿನಿಂದ ನೋಡಬಹುದು, ಕಿವಿಯಿಂದ ಕೇಳಬಹುದು, ಆದರೆ ಅಷ್ಟು ಹೊತ್ತು ನಮ್ಮ ಕಣ್ಣು ಕುರುಡು, ಕಿವಿ ಕಿವುಡು. ಸತ್ತರೆ ಮಾಯವಾಗುತ್ತದೆ. ಮತ್ತೆ ಹತ್ತು ನಾಣ್ಯ ಸುಟ್ಟರೆ ಮತ್ತೆ ಬರುತ್ತದೆ.

ಇದರಲ್ಲಿ ಎರಡು ತೂತುಗಳಿವೆ. ಒಂದು, ಪಟ್ಟಿ ಎಷ್ಟೇ ಉದ್ದವಿರಲಿ ಎಲ್ಲರೂ ಗೂಬೆಯನ್ನೇ ಆರಿಸುತ್ತಾರೆ. ಅದು ಒಂದು ಸರದಿಗೆ ಅರವತ್ತು ಅಡಿ ಹಾರುತ್ತದೆ, ಕತ್ತಲಲ್ಲಿ ನೂರಿಪ್ಪತ್ತು ಅಡಿ ದೂರ ಕಾಣುತ್ತದೆ. ಶತ್ರುವಿನ ಹತ್ತಿರ ಹೋಗಿ ಹಾರಿ ಬಂದರೂ ಬೆನ್ನಿಗೆ ಏಟು ಬೀಳದ ವಿಶೇಷ ಗುಣ ಬೇರೆ. ಹಾಗೆ ಹೋಗಿ ಶತ್ರುವಿನ ಗಮನ ಕೆಡಿಸಿದರೆ ಗೆಳೆಯನಿಗೆ ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವ ಅನುಕೂಲ ಸಿಗುತ್ತದೆ. 11 ಅಥವಾ ಹೆಚ್ಚು ಬೀಳಬೇಕಾದ ಕಡೆ ಗೆಲುವಿನ ಸಾಧ್ಯತೆ ನೂರಕ್ಕೆ 50ರಿಂದ 75ಕ್ಕೆ ಏರುತ್ತದೆ. ಹತ್ತು ನಾಣ್ಯಕ್ಕೆ ಇಷ್ಟು ಕೊಡುವ ಬೇರೆ ವಸ್ತು ಆ ಆಟದ ಸಂತೆಯಲ್ಲೇ ಇಲ್ಲ. ಎರಡನೆಯ ತೂತು ಸಾವಿನದು. ಗೂಬೆಗಿರುವುದು ಒಂದೇ ಒಂದು ಹಿಟ್ ಪಾಯಿಂಟ್, ಅಂದರೆ ಒಂದು ಏಟು ಬಿದ್ದರೆ ಮುಗಿಯಿತು. ಆದರೂ ಅದರ ಸಾವಿಗೆ ಇರುವ ತೂಕ ಹರಿದ ಬಸ್ ಟಿಕೆಟಿನಷ್ಟು.

ಹಳೆಯ ಬಿಡಿಭಾಗ ಹಾಕಿ ನೋಡಿದ್ದು

ಹಳೆಯ ಯಂತ್ರದ ಬಿಡಿಭಾಗ ಹೊಸದಕ್ಕೆ ಹೊಂದುತ್ತದೆಯೇ ಎಂದು ಮೊದಲು ನೋಡಿದೆ. ಗೈಗ್ಯಾಕ್ಸ್ ಮತ್ತು ಆರ್ನೆಸನ್ ಈ ಆಟವನ್ನು ಹೊರತಂದದ್ದು 1974ರಲ್ಲಿ. ಹಿಂದಿನ ಆವೃತ್ತಿಗಳು ಒಡನಾಡಿಯ ವಿಷಯದಲ್ಲಿ ಬಹಳ ಕಠೋರವಾಗಿದ್ದವು. 2000ದಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಕರೆಯುವುದಕ್ಕೆ ಒಂದು ಇಡೀ ದಿನ, ನೂರು ನಾಣ್ಯ. ಪ್ರತಿ ಪ್ರಾಣಿಗೂ ಅದರದೇ ಲಾಭ: ಬೆಕ್ಕಿದ್ದರೆ ಸದ್ದಿಲ್ಲದೆ ನಡೆಯುವುದು ಸುಲಭ, ಇಲಿಯಿದ್ದರೆ ದೇಹ ಗಟ್ಟಿ. ಒಡನಾಡಿ ಸತ್ತರೆ ಮಾಂತ್ರಿಕನ ಅನುಭವದ ಅಂಕಗಳಲ್ಲಿ ಅವನು ಏರಿದ ಪ್ರತಿ ಹಂತಕ್ಕೆ 200ರಂತೆ ಕಡಿತ, ದಾಳ ಕೈ ಹಿಡಿದರೆ ಅದರ ಅರ್ಧ. ಮುಂದಿನ ಒಡನಾಡಿಗೆ ಒಂದು ವರ್ಷ ಮತ್ತು ಒಂದು ದಿನ ಕಾಯಬೇಕು.

ಜುಲೈನ ಮೂರು ಭಾನುವಾರ ಇದನ್ನೇ ಕಸಿ ಮಾಡಿ ಆಡಿದೆವು. ಗೂಬೆ ಸಾಯಲಿಲ್ಲ ನಿಜ. ಏಕೆಂದರೆ ಅದನ್ನು ಹೊರಗೆ ತೆಗೆಯಲೇ ಇಲ್ಲ. ಮದುವೆಯಲ್ಲಿ ಉಡುಗೊರೆ ಬಂದ ಬೆಳ್ಳಿ ಲೋಟದಂತೆ ಅದು ಕಪಾಟಿನಲ್ಲೇ ಕುಳಿತಿತು. ಅಗ್ಗವಾಗಿದ್ದಾಗ ಪೋಲು, ದುಬಾರಿಯಾದಾಗ ಪೂಜೆ. ಬೆಲೆಯನ್ನು ಹೆಚ್ಚು ಕಡಿಮೆ ಮಾಡುವುದರಿಂದ ಈ ರೋಗ ವಾಸಿಯಾಗದು, ಬೆಲೆಯ ಜಾತಿಯನ್ನೇ ಬದಲಿಸಬೇಕು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಐದನೆಯ ಆವೃತ್ತಿಯ ಮೂಲ ನಿಯಮಗಳ ದಾಖಲೆ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆಯಾಗಿದೆ. ಮೂಲವನ್ನು ಹೆಸರಿಸಿ ಯಾರು ಬೇಕಾದರೂ ತಿದ್ದಬಹುದು, ಅನುವಾದಿಸಬಹುದು. ಹಾಗಾಗಿ ಧೈರ್ಯವಾಗಿಯೇ ಸುತ್ತಿಗೆ ಎತ್ತಿದೆ.

ಊರೇ ಪಟ್ಟಿ

ಮೊದಲು ಆ ಪಟ್ಟಿಯನ್ನು ಹರಿದೆ. ನಮ್ಮ ನಿಯಮದಲ್ಲಿ ಯಾರೂ ಪ್ರಾಣಿಯನ್ನು ಆರಿಸುವುದಿಲ್ಲ. ಜಾಗವನ್ನು ಆರಿಸುತ್ತಾರೆ, ಹೊತ್ತನ್ನು ಆರಿಸುತ್ತಾರೆ, ಹೋಗಿ ಕಾಯುತ್ತಾರೆ. ನಮ್ಮ ಆಟದ ಭೂಪಟ ಧಾರವಾಡದಿಂದ ಗದಗ, ಹಾವೇರಿಯವರೆಗಿನ ನೆಲವೇ, ಮಾಯೆಯ ಬಣ್ಣ ಬಳಿದದ್ದು. ಕಪ್ಪತಗುಡ್ಡದ ಬಂಡೆಗಳಲ್ಲಿ ಉಡ. ಬಂಕಾಪುರದ ಕೋಟೆಯೊಳಗೆ ನವಿಲು. ನೃಪತುಂಗ ಬೆಟ್ಟದ ಪೊದೆಯಲ್ಲಿ ಮುಂಗುಸಿ. ಊರೊಳಗೆ ಎಲ್ಲಿ ಬೇಕಾದರೂ ಕಾಗೆ, ಆದರೆ ಅದನ್ನು ಕರೆಯುವುದು ಧೂಪದಿಂದಲ್ಲ, ಎಡೆ ಇಟ್ಟು. ಕಾಗೆ ಅನ್ನ ಮುಟ್ಟಿದರೆ ಒಡನಾಡಿಯಾಯಿತು. ಮುಟ್ಟದಿದ್ದರೆ ಯಾವ ಹಿರಿಯರ ಯಾವ ಆಸೆ ಬಾಕಿ ಉಳಿದಿದೆ ಎಂದು ಮೊದಲು ಹುಡುಕಿ ತೀರಿಸಬೇಕು. ಈ ಒಂದು ಸಾಲಿನಿಂದ ನನಗೆ ಮೂರು ಭಾನುವಾರದ ಕಥೆ ಸಿಕ್ಕಿತು. ಮೂಲ ಪುಸ್ತಕದ ಹತ್ತು ನಾಣ್ಯ ಅಷ್ಟನ್ನು ಎಂದೂ ಕೊಟ್ಟಿರಲಿಲ್ಲ.

ಉಡಕ್ಕೆ ನಿಯಮ ಬರೆಯುವ ಕಷ್ಟವೇ ಬೀಳಲಿಲ್ಲ, ಮಾತಿನಲ್ಲೇ ಇತ್ತು. ಉಡದ ಪಟ್ಟು: ಅದು ಹಿಡಿದದ್ದನ್ನು ಕರೆದವನು ಬಿಡು ಎನ್ನುವವರೆಗೆ ಬಿಡುವುದಿಲ್ಲ, ದಾಳ ಉರುಳಿಸುವ ಅಗತ್ಯವೂ ಇಲ್ಲ.

ಗೂಬೆ ಹಾಲಕ್ಕಿಯಾಯಿತು. ಗೂಬೆ ಎಂದರೆ ಮನೆಯ ಮೇಲೆ ಕೂರಬಾರದ ಹಕ್ಕಿ, ಹಾಲಕ್ಕಿ ಎಂದರೆ ನುಡಿಯುವ ಹಕ್ಕಿ. ಬೆಳಗಿನ ಜಾವ ಬುಡಬುಡಿಕೆ ಆಡಿಸುತ್ತ ಬಂದು ಹಾಲಕ್ಕಿ ಹೀಗೆ ನುಡಿಯಿತು ಎಂದು ಶಕುನ ಹೇಳುತ್ತಿದ್ದವರನ್ನು ಚಿಕ್ಕಂದಿನಲ್ಲಿ ಕಂಡವರಿಗೆ ಇದು ಗೊತ್ತು. ನಮ್ಮ ಹಾಲಕ್ಕಿ ದಿನಕ್ಕೊಮ್ಮೆ ನಸುಕಿನಲ್ಲಿ ಒಂದೇ ವಾಕ್ಯ ನುಡಿಯುತ್ತದೆ, ನಾಲ್ಕು ಪದ ಮೀರುವಂತಿಲ್ಲ. ಹೇಳಿದ್ದು ನಿಜವಿರಲೇಬೇಕು, ಸ್ಪಷ್ಟವಿರಬೇಕೆಂದಿಲ್ಲ. ಇದರಿಂದ ಸಾರಥಿಯ ಕೆಲಸ ಹೆಚ್ಚಾಯಿತು. ಶನಿವಾರ ರಾತ್ರಿ ಹಾಸಿಗೆಯಲ್ಲಿ ಮಲಗಿ ನಾಲ್ಕು ಪದದ ಸತ್ಯ ಹುಡುಕುವುದು ಈಗ ನನ್ನ ಅಭ್ಯಾಸ.

ನೂರು ಅಡಿಯನ್ನೂ ಕಿತ್ತುಹಾಕಿ 'ಕೂಗಳತೆ' ಎಂದು ಬರೆದೆ. ನಿಂತಲ್ಲಿಂದ ಕೂಗಿದರೆ ಕೇಳುವಷ್ಟು ದೂರ. ಜಾತ್ರೆಯ ನಡುವೆ ಅದು ಹತ್ತು ಹೆಜ್ಜೆ, ರಾತ್ರಿ ಗುಡ್ಡದ ಮೇಲೆ ಅರ್ಧ ಮೈಲಿ. ಟೇಪು ಹಿಡಿದು ಅಳೆಯುವ ಜಗಳ ನಿಂತಿತು. ಒಡನಾಡಿಯ ಕಣ್ಣಿನಿಂದ ನೋಡುವಾಗ ನಮ್ಮದು ಕುರುಡು ಎಂಬ ನಿಯಮ ಮಾತ್ರ ಹಾಗೆಯೇ ಇದೆ. ಅದು ಒಳ್ಳೆಯ ನಿಯಮ: ಆ ಹೊತ್ತಿನಲ್ಲಿ ಬೇರೆ ಯಾರಾದರೂ ಕೈ ಹಿಡಿದುಕೊಂಡಿರಲೇಬೇಕಾಗುತ್ತದೆ.

ಕವಡೆಯ ಕಿತಾಪತಿ

ಕಾಗೆ ಬಿಟ್ಟು ಉಳಿದ ಪ್ರಾಣಿ ಬರುತ್ತದೆಯೋ ಇಲ್ಲವೋ ಎಂಬುದನ್ನು ಕವಡೆ ಹೇಳಬೇಕು ಎಂದುಕೊಂಡೆ. ದುರ್ಗದಬೈಲಿನ ಒಂದು ಅಂಗಡಿಯಿಂದ ಐದು ಕವಡೆ ತಂದೆ. ರಾತ್ರಿಗೆ ಒಂದೇ ಎಸೆತ, ಮೂರು ಅಥವಾ ಹೆಚ್ಚು ಕವಡೆಗಳ ಬಾಯಿ ಮೇಲಾದರೆ ಪ್ರಾಣಿ ಬರುತ್ತದೆ. ಕಾಗದದ ಮೇಲೆ ಲೆಕ್ಕ ಸರಳ. ಐದು ಕವಡೆ ಬೀಳುವ ಬಗೆ 32, ಅದರಲ್ಲಿ ಮೂರು ಬಾಯಿಯವು 10, ನಾಲ್ಕರವು 5, ಐದರದು 1. ಒಟ್ಟು 16, ಅಂದರೆ ಸರಿಯಾಗಿ ಅರ್ಧ.

ಮೂರು ಭಾನುವಾರ ಆಡಿದೆವು. ಹನ್ನೊಂದು ಎಸೆತಗಳಲ್ಲಿ ಪ್ರಾಣಿ ಬಂದದ್ದು ಮೂರು ಸಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳೆಯ, "ಕಪ್ಪತಗುಡ್ಡದಲ್ಲಿ ನಾಲ್ಕು ರಾತ್ರಿ ಚಳಿಯಲ್ಲಿ ಕುಳಿತೆ, ಒಂದು ಹಲ್ಲಿಯೂ ಬರಲಿಲ್ಲ" ಎಂದು ನಿಜವಾಗಿಯೇ ಸಿಟ್ಟಾದ. ಹನ್ನೊಂದು ಎಸೆತದಿಂದ ಏನನ್ನೂ ತೀರ್ಮಾನಿಸಲಾಗದು ಎಂದು ಅವನಿಗೆ ಹೇಳಿದೆ. ಆದರೂ ಆ ರಾತ್ರಿ ಚಾಪೆ ಹಾಸಿ ಐದು ಕವಡೆಗಳನ್ನು ನೂರು ಸಲ ಎಸೆದೆ. 500ರಲ್ಲಿ ಬಾಯಿ ಮೇಲಾದದ್ದು 201.

ಆಗ ಕವಡೆಯನ್ನು ಮೊದಲ ಬಾರಿಗೆ ಕಣ್ಣು ಬಿಟ್ಟು ನೋಡಿದೆ. ಬಾಯಿಯ ಕಡೆ ಚಪ್ಪಟೆ, ಬೆನ್ನು ಗೂನು. ಚಪ್ಪಟೆ ಭಾಗ ನೆಲ ಕಚ್ಚಿ ಕೂರುವುದೇ ಅದಕ್ಕೆ ಆರಾಮ. ಹಾಗಾಗಿ ಬಾಯಿ ಕೆಳಗೆ ಬೀಳುವುದೇ ಹೆಚ್ಚು. ಒಂದು ಕವಡೆಗೆ ನೂರಕ್ಕೆ 40 ಎಂದು ಹಿಡಿದರೆ ಐದರಲ್ಲಿ ಮೂರು ಅಥವಾ ಹೆಚ್ಚು ಬಾಯಿ ಮೇಲಾಗುವ ಸಾಧ್ಯತೆ ನೂರಕ್ಕೆ 32ಕ್ಕೆ ಕುಸಿಯುತ್ತದೆ. ನಾನು ಅರ್ಧ ಎಂದು ಬರೆದದ್ದು ಮೂರರಲ್ಲಿ ಒಂದಕ್ಕಿಂತ ಕಡಿಮೆಯಾಗಿತ್ತು. ಗೆಳೆಯನ ಸಿಟ್ಟು ನ್ಯಾಯವಾದದ್ದೇ.

ನಿಯಮವನ್ನು 'ಎರಡು ಸಾಕು' ಎಂದು ತಿದ್ದಬಹುದಿತ್ತು, ಆಗ 66 ಆಗುತ್ತದೆ. ಅದು ಹೆಚ್ಚಾಯಿತು. ಬದಲಿಗೆ ಕವಡೆಯನ್ನೇ ತಿದ್ದಿದೆ. ತಾರಸಿಯ ಮೇಲಿನ ಬಟ್ಟೆ ಒಗೆಯುವ ಕಲ್ಲಿಗೆ ನೀರು ಹಾಕಿ ಒಂದೊಂದರ ಬೆನ್ನನ್ನೂ ತೇಯುತ್ತಾ ಕುಳಿತೆ. ಒಂದಕ್ಕೆ ಇಪ್ಪತ್ತು ನಿಮಿಷ ಬೇಕು, ಬೆರಳಿನ ತುದಿ ಸುಲಿಯುತ್ತದೆ. ಕವಡೆಯ ಒಳಗೆ ಪೊಳ್ಳು, ಗೂನು ಸವೆದಂತೆ ಬೆನ್ನಿನಲ್ಲಿ ಒಂದು ತೂತು ಬಾಯ್ದೆರೆಯುತ್ತದೆ. ಆ ತೂತು ಕಂಡಾಗ ಕೈ ನಿಂತಿತು. ಅಜ್ಜಿಯ ಚೌಕಾಬಾರದ ಕವಡೆಗಳ ಬೆನ್ನಿನಲ್ಲೂ ಹೀಗೆಯೇ ತೂತಿತ್ತು. ಹಳೆಯದಾಗಿ ಸವೆದಿದೆ ಎಂದು ಇಷ್ಟು ವರ್ಷ ನಂಬಿದ್ದೆ. ಯಾರೋ ಕುಳಿತು ತೇಯ್ದದ್ದು ಅದು. ನಾಲ್ಕನೆಯ ಕವಡೆ ಅವಸರದಲ್ಲಿ ಒಡೆಯಿತು, ಮತ್ತೊಂದು ತಂದೆ. ಐದೂ ಮುಗಿದ ಮೇಲೆ ಮತ್ತೆ ನೂರು ಎಸೆತ: 500ರಲ್ಲಿ 263. ಮೂರು ಅಥವಾ ಹೆಚ್ಚು ಬಾಯಿ ಮೇಲಾಗುವ ಸಾಧ್ಯತೆ ನೂರಕ್ಕೆ ಸುಮಾರು 55. ಇದಕ್ಕಿಂತ ನಯವಾಗಿ ತೇಯುವ ಉಮೇದು ನನಗಿಲ್ಲ.

ಬೆಲೆ

ಇನ್ನು ಆ ಬೆಲೆಯ ಜಾತಿ. ಚಿನ್ನ ಬೇಡ, ಅನುಭವದ ಅಂಕವೂ ಬೇಡ, ಎರಡೂ ಕೊನೆಗೆ ಸಂಖ್ಯೆಗಳೇ. ಆಟಗಾರನಿಗೆ ನಿಜವಾಗಿ ತನ್ನದು ಎನಿಸುವುದು ತನ್ನ ಪಾತ್ರದ ಹಿಂದಿನ ಬದುಕು. ಹಾಗಾಗಿ ಬೆಲೆ ನೆನಪಾಯಿತು.

ಪಾತ್ರ ಕಟ್ಟುವಾಗಲೇ ಪ್ರತಿಯೊಬ್ಬರೂ ಐದು ಚೀಟಿಗಳಲ್ಲಿ ಐದು ನೆನಪು ಬರೆಯಬೇಕು, ಒಂದಕ್ಕೆ ಒಂದೇ ವಾಕ್ಯ. ಪ್ರಾಣಿ ಬಂದಾಗ ಒಂದು ಚೀಟಿಯನ್ನು ಸಾರಥಿಗೆ ಕೊಡಬೇಕು. ಅಂದಿನಿಂದ ಆ ನೆನಪು ಪಾತ್ರಕ್ಕಿಲ್ಲ, ಪ್ರಾಣಿಗಿದೆ. ಪ್ರಾಣಿ ಸತ್ತರೆ ಚೀಟಿ ಧೂಪಾರತಿಯ ಕೆಂಡಕ್ಕೆ. ಮೂಲ ನಿಯಮದಲ್ಲಿ ಬರುವಾಗ ಸುಡುತ್ತಾರೆ, ನಮ್ಮಲ್ಲಿ ಹೋದಾಗ ಸುಡುತ್ತೇವೆ. ಮುಂದಿನ ಒಡನಾಡಿಗೆ ಮುಂದಿನ ಚೀಟಿ. ಒಬ್ಬನಿಗೆ ಇಡೀ ಬದುಕಿಗೆ ಐದೇ ಒಡನಾಡಿಗಳು. ಐದನೆಯದು ಸತ್ತ ಹೊತ್ತಿಗೆ ಅವನು ತನ್ನದೇ ಮನೆಯ ಬಾಗಿಲಲ್ಲಿ ಪರಕೀಯ.

ಬೆಳ್ಳಿ ಲೋಟದ ರೋಗ ಮರಳದಂತೆ ಇನ್ನೊಂದು ಸಾಲು ಸೇರಿಸಿದೆ: ಸತತ ಮೂರು ಭಾನುವಾರ ಯಾವ ಕೆಲಸಕ್ಕೂ ಕಳಿಸದ ಒಡನಾಡಿ ನೆನಪಿನ ಸಮೇತ ಹೊರಟುಹೋಗುತ್ತದೆ.

ಮೊದಲ ದಿನವೇ ಬ್ಯಾಂಕಿನ ಗೆಳೆಯ ಇದರಲ್ಲಿ ಸಂದು ಹುಡುಕಿದ. ಅವನು ಕೊಟ್ಟ ಚೀಟಿಯಲ್ಲಿ "ಒಮ್ಮೆ ಹಲ್ಲು ನೋವು ಬಂದಿತ್ತು" ಎಂದಿತ್ತು. ಸಾಲ ವಸೂಲಿ ಮಾಡುವವನಿಗೆ ಸಾಲ ತಪ್ಪಿಸುವುದೂ ಗೊತ್ತಿರುತ್ತದೆ. ಎರಡು ತೇಪೆ ಹಾಕಿದೆ. ಪ್ರತಿ ನೆನಪಿನಲ್ಲೂ ಭೂಪಟದ ಮೇಲಿರುವ ಒಬ್ಬ ಮನುಷ್ಯ ಅಥವಾ ಒಂದು ಜಾಗ ಇರಲೇಬೇಕು. ಮತ್ತು ಯಾವ ಚೀಟಿ ಎಂಬುದನ್ನು ಕೊಡುವವನು ಆರಿಸುವಂತಿಲ್ಲ. ಬೋರಲು ಹಾಕಿ ಕಲೆಸಿ, ಪಕ್ಕದವನಿಂದ ಎತ್ತಿಸಬೇಕು. ಪ್ರಾಣಿ ತನಗೆ ಬೇಕಾದದ್ದನ್ನು ತೆಗೆದುಕೊಳ್ಳುತ್ತದೆ.

ಅಕ್ಟೋಬರಿನಲ್ಲಿ ಇದು ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡೆ. ಅಕ್ಕನ ಮಗಳ ಹಾಲಕ್ಕಿ ಒಯ್ದ ಚೀಟಿಯಲ್ಲಿ ಉಣಕಲ್ ಕೆರೆಯ ದಂಡೆಯಲ್ಲಿ ತಮ್ಮ ಕಳೆದುಹೋದ ದಿನವಿತ್ತು. ಆರು ವಾರಗಳ ನಂತರ ಕಥೆಯಲ್ಲಿ ಆ ತಮ್ಮನನ್ನೇ ಎದುರಿಗೆ ತಂದು ನಿಲ್ಲಿಸಿದೆ. ಆಡುವವಳಿಗೆ ಅವನು ಯಾರೆಂದು ಗೊತ್ತು, ಅವಳ ಪಾತ್ರಕ್ಕೆ ಗೊತ್ತಿಲ್ಲ. ಹಾಲಕ್ಕಿ ಹಾರಿ ಹೋಗಿ ಅವನ ಹೆಗಲ ಮೇಲೆ ಕುಳಿತಿತು ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ನನ್ನ ಹಕ್ಕಿ ನಿಮಗೆ ಹೇಗೆ ಪರಿಚಯ ಎಂದು ಆ ಹುಡುಗನನ್ನು ಕೇಳುತ್ತೇನೆ" ಎಂದಳು. ಗಿರ್ಮಿಟ್ ಆರಿ ಮೆತ್ತಗಾಗಿತ್ತು.

ಕಾಗದ, ಮಣ್ಣು

ಪ್ರಾಣಿಗಳ ಕಾರ್ಡುಗಳನ್ನು 63 ಗುಣಿಸು 88 ಮಿಲಿಮೀಟರಿಗೆ ಮಾಡಿದೆ, ಇಸ್ಪೀಟಿನ ಪ್ಲಾಸ್ಟಿಕ್ ಚೀಲ ಹೊಂದುತ್ತದೆ. ಎ3 ಹಾಳೆಯಲ್ಲಿ ಕಾರ್ಡನ್ನು ನಿಲ್ಲಿಸಿ ಜೋಡಿಸಿದರೆ 16, ಅಡ್ಡ ಮಲಗಿಸಿದರೆ 18 ಹಿಡಿಯುತ್ತವೆ. ಮುದ್ರಿಸಿದ್ದು ಲಗ್ನಪತ್ರಿಕೆ ಮಾಡುವ ಒಂದು ಪ್ರೆಸ್ಸಿನಲ್ಲಿ. ನನ್ನ ಯೂನಿಕೋಡ್ ಅಕ್ಷರ ಅವರ ಹಳೆಯ ಫಾಂಟಿಗೆ ಹೋಗುವಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಹಾಲಕ್ಕಿ 'ಹಾಲಕ್‌ಕಿ' ಆಗಿ ಬಂತು. ಎರಡನೆಯ ಸಲ ಅಕ್ಷರವನ್ನು ಚಿತ್ರವಾಗಿಯೇ ಕೊಟ್ಟೆ. ಮೊದಲ ಸಲವೇ ಹಾಗೆ ಮಾಡಬೇಕಿತ್ತು.

ಗೊಂಬೆಗಳಿಗೆ ಮಣ್ಣು. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಎತ್ತು ಮಾಡಿ ಉಳಿದ ಎರೆ ಮಣ್ಣಿನಿಂದಲೇ ಜೂನ್‌ನಲ್ಲಿ ಮೊದಲ ಕಂತು ಮಾಡಿದ್ದೆ. ಎರೆ ಒಣಗುವಾಗ ಕುಗ್ಗುತ್ತದೆ. ಹೊಲವೇ ಬಿರುಕು ಬಿಡುವ ಮಣ್ಣು ನನ್ನ ಗೂಬೆಯನ್ನು ಬಿಟ್ಟೀತೇ? ಮೂರೇ ದಿನದಲ್ಲಿ ಕತ್ತು ಬೇರೆ, ಮೈ ಬೇರೆ. ಧಾರವಾಡದ ಪಡುವಣ ದಿಕ್ಕಿನ ಕೆಂಪು ಮಣ್ಣನ್ನು ಸೋಸಿ, ಹತ್ತಿಯ ಎಳೆ ಕಲೆಸಿ ಮಾಡಿದ ಎರಡನೆಯ ಕಂತು ನಿಂತಿದೆ. ಆಟದ ಹಾಸಿನ ಮೇಲೆ ಒಂದು ಇಂಚಿನ ಚೌಕ ಐದು ಅಡಿಗೆ ಸಮ, ಅತಿ ಚಿಕ್ಕ ಪ್ರಾಣಿಗೆ ಅದರ ಅರ್ಧ ಅಗಲ. ಸುಮಾರು 11 ಮಿಲಿಮೀಟರಿನ ಅಂಗಿ ಗುಂಡಿ ಪೀಠಕ್ಕೆ ಹೇಳಿ ಮಾಡಿಸಿದಂತಿದೆ. ನಾಲ್ಕು ತೂತಿನಲ್ಲಿ ಮಣ್ಣು ಹಿಡಿದುಕೊಳ್ಳುತ್ತದೆ.

ಬಾಕಿ ಕೆಲಸ

ಬೆಕ್ಕಿಗೆ ನಿಯಮ ಬರೆದಿಲ್ಲ. ಮೂರು ಸಲ ಬರೆದು ಹೊಡೆದುಹಾಕಿದೆ. ಕರೆದರೆ ಬರುವ ಬೆಕ್ಕು ಬೆಕ್ಕಲ್ಲ.

ಹೆಬ್ಬಾತಿನದು ಇನ್ನೂ ತೊಡಕಿನ ವಿಷಯ. ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಆ ಕೆರೆ 2024ರಲ್ಲಿ ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಗುಂಪಿನ ಭೌತಶಾಸ್ತ್ರದ ಉಪನ್ಯಾಸಕರು ಡಿಸೆಂಬರಿನಲ್ಲಿ ಹಟ ಹಿಡಿದು ಅಲ್ಲಿಗೇ ಹೋಗಿ ಕವಡೆ ಎಸೆದರು. ನಾಲ್ಕು ಬಾಯಿ ಮೇಲಾಯಿತು, ಹೆಬ್ಬಾತು ಬಂತು, ಅವರ ಪಾತ್ರದ ಹುಟ್ಟೂರಿನ ಹೆಸರಿದ್ದ ಚೀಟಿಯನ್ನು ತೆಗೆದುಕೊಂಡಿತು. ವಲಸೆ ಹಕ್ಕಿ ಬೇಸಿಗೆಯಲ್ಲಿ ಇರುವುದಿಲ್ಲ ಎಂಬುದು ನಿಯಮ ಬರೆಯುವಾಗ ನನ್ನ ತಲೆಗೆ ಹೊಳೆದಿರಲಿಲ್ಲ. ಅದು ಸತ್ತಿಲ್ಲವಾದ್ದರಿಂದ ಚೀಟಿ ಸುಡುವಂತಿಲ್ಲ. ತಾನಾಗಿ ಬಿಟ್ಟೂ ಹೋಗಿಲ್ಲವಾದ್ದರಿಂದ ಹೊಸ ಒಡನಾಡಿಯನ್ನು ಕರೆಯುವಂತಿಲ್ಲ. ಮೂರು ಭಾನುವಾರದ ನಿಯಮಕ್ಕೆ ವಿನಾಯಿತಿ ಕೊಡಿ ಎಂದು ಉಪನ್ಯಾಸಕರನ್ನು ಬಿಟ್ಟು ಉಳಿದವರೆಲ್ಲ ವಾದಿಸಿದರು. ಅವರು ಮಾತ್ರ, "ನವೆಂಬರ್‌ವರೆಗೆ ಕಾಯುತ್ತೇನೆ, ಅಲ್ಲಿಯವರೆಗೆ ನನ್ನ ಊರು ಯಾವುದೆಂದು ಯಾರೂ ಹೇಳಬೇಡಿ" ಎಂದರು. ಚೀಟಿ ನನ್ನ ಡಬ್ಬಿಯಲ್ಲಿದೆ. ಕಳೆದ ಭಾನುವಾರ ಅವರ ಪಾತ್ರ ಆ ಊರಿನ ಮೂಲಕವೇ ಹಾದುಹೋಯಿತು, ಒಂದು ರಾತ್ರಿ ಅಲ್ಲಿನ ಗುಡಿಯ ಕಟ್ಟೆಯ ಮೇಲೆ ಮಲಗಿ ಬೆಳಗ್ಗೆ ಎದ್ದು ಮುಂದೆ ನಡೆಯಿತು.